ಮಿಣಿ, ಬಾರು, ಬೆಲ್ಟು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಮಿಡಿಗೇಶಿಯನ್ನು ದಾಟಿ ಸ್ವಲ್ಪ ದೂರ ಹೋಗಿದ್ದೆವು. ನಿವೃತ್ತಿಯ ಅನಂತರದ ಓಡಾಟಕ್ಕೆಂದು ನಾನು ಕೊಂಡಿದ್ದ ಹಳೆಯ ಸಣ್ಣ ಕಾರು ಇದ್ದಕ್ಕಿದ್ದಂತೆ ನಿಂತುಹೋಯಿತು. ಹೊಗೆ ಬರಲಿಲ್ಲ, ಕೆಮ್ಮಲಿಲ್ಲ, ಮುನ್ಸೂಚನೆಯಾಗಿ ಒಂದು ನರಳಾಟವೂ ಇಲ್ಲ. ಗಾಳಿಗೆ ದೀಪ ಆರುವಂತೆ ಎಂಜಿನ್ನು ಆರಿತು. ಕೀಲಿ ತಿರುಗಿಸಿದರೆ ಸ್ಟಾರ್ಟರು ಎಂದಿಗಿಂತಲೂ ಸಲೀಸಾಗಿ, ಹೊರಲು ಭಾರವೇ ಇಲ್ಲವೆಂಬಂತೆ ಗಿರ್ರನೆ ತಿರುಗಿತು. ಎಂಜಿನ್ನು ಮಾತ್ರ ಹತ್ತಲಿಲ್ಲ. ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ನಮ್ಮನ್ನು ಮಧುಗಿರಿಗೆ ಎಳೆದು ತಂದ. ಅಲ್ಲಿಯ ಮೆಕ್ಯಾನಿಕ್ಕು ಕೀಲಿಯನ್ನು ಒಂದೇ ಸಲ ತಿರುಗಿಸಿ, ಆ ಸಲೀಸಾದ ಸದ್ದನ್ನು ಕೇಳಿ, ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಟ್ಟ: "ಟೈಮಿಂಗ್ ಬೆಲ್ಟು ಹೋಗಿದೆ ಮೇಷ್ಟ್ರೇ. ಹಾಕಿಸಿ ಎಷ್ಟು ವರ್ಷ ಆಯ್ತು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾರನ್ನು ಮಾರಿದವರು 'ಈಚೆಗೆ ಹಾಕಿಸಿದ್ದೇವೆ' ಎಂದಿದ್ದರು. ರಸೀದಿ ಕೇಳಿದರೆ ಅವಿಶ್ವಾಸ ತೋರಿಸಿದಂತಾದೀತೆಂದು ನಾನು ಕೇಳಿರಲಿಲ್ಲ. ಒಂದೊಂದು ಪದದ ಅರ್ಥವ್ಯಾಪ್ತಿಯನ್ನೂ ತರಗತಿಯಲ್ಲಿ ಗಂಟೆಗಟ್ಟಲೆ ವಿವರಿಸಿ ಬಾಳು ಕಳೆದವನು 'ಈಚೆಗೆ' ಎಂಬ ಪದದ ಮುಂದೆ ಮಾತ್ರ ಸುಮ್ಮನಾಗಿಬಿಟ್ಟೆ. ಅದರ ದಂಡ ಸಣ್ಣದಾಗಿರಲಿಲ್ಲ. ಬೆಲ್ಟು ಹರಿದ ಕ್ಷಣದಲ್ಲಿ ಒಳಗೆ ಎರಡು ವಾಲ್ವುಗಳು ಬಾಗಿದ್ದುವು; ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಯಿತು.

ಶ್ರೋತೃಗಳೇ, ಆ ಒಂದು ವಾರ ಮೆಕ್ಯಾನಿಕ್ಕನ ಬೆಂಚಿನ ಮೇಲೆ ಕುಳಿತು ನಾನು ಕಲಿತದ್ದನ್ನೂ, ಕಲಿಯುತ್ತಿದ್ದಂತೆ ನೆನಪಿಗೆ ಬಂದ ನಮ್ಮ ಸೀಮೆಯ ಒಂದು ಹಳೆಯ ಸಂಗತಿಯನ್ನೂ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ. ಸವೆದುಹೋದ ಒಂದು ವಸ್ತುವಿನ ಜಾಗಕ್ಕೆ ಮತ್ತೊಂದನ್ನು ಆರಿಸುವುದು ಮೇಲುನೋಟಕ್ಕೆ ಅಂಗಡಿಯ ವ್ಯವಹಾರ. ಆದರೆ ಅದನ್ನು ಆರಿಸುವಾಗ ನಾವು ಯಾರನ್ನು ನಂಬುತ್ತೇವೆ, ಯಾವುದನ್ನು ನೋಡಿ ನಂಬುತ್ತೇವೆ ಎಂಬುದಕ್ಕೆ ಒಂದು ಇತಿಹಾಸವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಇತಿಹಾಸದ ಬಹುಭಾಗ ಒಬ್ಬ ಮನುಷ್ಯನ ಆಯುಷ್ಯದೊಳಗೇ ನಡೆದುಹೋಗಿದೆ.

ಮೊದಲು ಈ ಬೆಲ್ಟಿನ ಕೆಲಸವೇನೆಂದು ಹೇಳಬೇಕು. ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ದಂಡವಿರುತ್ತದೆ. ಪಿಸ್ಟನ್ನುಗಳು ಏರಿ ಇಳಿಯುವ ಚಲನೆಯನ್ನು ತಿರುಗುವ ಚಲನೆಯನ್ನಾಗಿ ಮಾಡುವುದು ಅದು. ಮೇಲ್ಭಾಗದಲ್ಲಿ ಕ್ಯಾಮ್ ದಂಡ. ಗಾಳಿ ಮತ್ತು ಪೆಟ್ರೋಲು ಒಳಗೆ ಬರಲು, ಉರಿದ ಹೊಗೆ ಹೊರಗೆ ಹೋಗಲು ವಾಲ್ವುಗಳೆಂಬ ಪುಟ್ಟ ಬಾಗಿಲುಗಳನ್ನು ಸರಿಯಾದ ಗಳಿಗೆಯಲ್ಲಿ ತೆರೆಸುವುದು ಅದು. ಕೆಳಗಿನ ದಂಡ ಎರಡು ಸುತ್ತು ಸುತ್ತಿದರೆ ಮೇಲಿನದು ಒಂದು ಸುತ್ತು ಸುತ್ತಬೇಕು. ಒಂದೂವರೆಯೂ ಅಲ್ಲ, ಒಂದೂಕಾಲೂ ಅಲ್ಲ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ಎರಡು ದಂಡಗಳನ್ನು ಬಿಗಿದು ಹೊಂದಿಸಿರುವುದೇ ಒಳಮೈಯಲ್ಲಿ ಹಲ್ಲುಗಳಿರುವ ರಬ್ಬರಿನ ಬೆಲ್ಟು. ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನೂ ವಾಲ್ವೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಬೆಲ್ಟು ಹರಿದರೆ ಸರದಿ ತಪ್ಪುತ್ತದೆ, ತೆರೆದು ನಿಂತ ವಾಲ್ವಿಗೆ ಪಿಸ್ಟನ್ನು ಬಂದು ಗುದ್ದುತ್ತದೆ. ನನ್ನ ಕಾರಿನಲ್ಲಿ ಆದದ್ದು ಅದೇ. ಇನ್ನು ಕೆಲವು ಎಂಜಿನ್ನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಎಡೆ ಇರುವುದರಿಂದ ಬೆಲ್ಟು ಹರಿದರೂ ಗಾಡಿ ನಿಲ್ಲುವುದಷ್ಟೆ. ತನ್ನದು ಯಾವ ಬಗೆಯದೆಂದು ಕಾರಿನ ಒಡೆಯ ತಿಳಿದಿರಬೇಕು, ನಾನು ತಿಳಿದಿರಲಿಲ್ಲ.

ಈ ವಸ್ತುವಿಗೆ ಕನ್ನಡ ಹೆಸರೊಂದು ಬೇಕೆಂದು ಹಾಳು ಚಪಲ ಅಲ್ಲಿಯೂ ನನ್ನನ್ನು ಬಿಡಲಿಲ್ಲ. ಚಕ್ಕಳದ ಪಟ್ಟಿಗೆ ನಮ್ಮಲ್ಲಿ 'ಬಾರು' ಎಂಬ ಒಳ್ಳೆಯ ಮಾತಿದೆ. ಬಾರುಕೋಲಿನಲ್ಲಿ ಅದು ಇನ್ನೂ ಬದುಕಿದೆ. 'ಹಲ್ಲುಬಾರು' ಎಂದರೆ ಹೇಗೆಂದು ಕೇಳಿದೆ. ಮೆಕ್ಯಾನಿಕ್ಕು ನಕ್ಕು, "ಹಂಗೆ ಕೇಳಿದ್ರೆ ಶಿರಾದ ಅಂಗಡಿಯವರು ಚಪ್ಪಲಿ ಅಂಗಡಿ ತೋರಿಸ್ತಾರೆ ಮೇಷ್ಟ್ರೇ" ಎಂದ. ಆದ್ದರಿಂದ ಬೆಲ್ಟು ಬೆಲ್ಟಾಗಿಯೇ ಇರಲಿ.

ಆದರೆ ಬಾರೆಂಬ ಮಾತಿನ ಹಿಂದೆಯೇ ಮತ್ತೊಂದು ಮಾತು ಎದ್ದುಬಂತು: ಮಿಣಿ. ಕಪಿಲೆ ಬಾವಿಯ ದಪ್ಪ ಹಗ್ಗಕ್ಕೆ ನಮ್ಮ ಕಡೆಯ ಹೆಸರು ಅದು. ಕೊರಟಗೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಪಿಲೆಯ ಕೊನೆಯ ದಿನಗಳನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಅದು ಈ ಸೀಮೆಗೆ ಹೊಸದಾಗಿರಲಿಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪೆನಿ ಸರಕಾರದ ಆಣತಿಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಶಿರಾ, ಮಧುಗಿರಿಗಳನ್ನೂ ಹಾದುಹೋದವನು; 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಕಪಿಲೆಯ ವಿಚಾರ ಮತ್ತೆ ಮತ್ತೆ ಬರುತ್ತದೆ. ಮಳೆ ಕಡಮೆಯಾದ ಈ ತಾಲ್ಲೂಕುಗಳಲ್ಲಿ ಮರಳು ನೆಲವನ್ನು ತೋಡಿದರೆ ಒರತೆ ತಾನೇ ಹರಿದು ಬರುವ ತಲಪರಿಗೆಗಳೂ ಇದ್ದುವು. ರೈಸ್ ಸಾಹೇಬರ ಗೆಜೆಟಿಯರು ಅವನ್ನು ವಿಶೇಷವಾಗಿ ಗುರುತಿಸಿದೆ. ತಲಪರಿಗೆ ಇದ್ದವರು ಪುಣ್ಯವಂತರು. ಅವರಿಗೆ ಹಗ್ಗದ ಚಿಂತೆಯಿಲ್ಲ. ಉಳಿದವರೆಲ್ಲ ನೀರನ್ನು ಎತ್ತಬೇಕಾಗಿತ್ತು.

ಕಪಿಲೆಯನ್ನು ಕಾಣದ ಕಿರಿಯರಿಗಾಗಿ ಅದರ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಾವಿಯ ದಡದ ಮೇಲೆ ಎರಡು ಕಂಬ, ಅವುಗಳ ನಡುವೆ ಮೇಲೊಂದು ಗಾಲಿ. ಕೆಳಗೆ, ನೀರು ಸುರಿಯುವ ತೊಟ್ಟಿಯ ಅಂಚಿನಲ್ಲಿ, ಒಂದು ಉರುಳೆ. ಮೇಲಿನ ಗಾಲಿಯ ಮೇಲೆ ಮಿಣಿ ಓಡುತ್ತದೆ. ಅದು ನೀರು ತುಂಬಿದ ಬಾನಿಯ ಭಾರವನ್ನು ಎತ್ತುತ್ತದೆ. ಬಾನಿಯ ಬುಡದಲ್ಲಿ ಆನೆಯ ಸೊಂಡಿಲಿನಂಥ ಉದ್ದನೆಯ ಚಕ್ಕಳದ ಕೊಳವೆ. ಕೆಳಗಿನ ಉರುಳೆಯ ಮೇಲೆ ಓಡುವ ತೆಳುವಾದ ಹಗ್ಗ ಆ ಸೊಂಡಿಲಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದಿರುತ್ತದೆ, ನೀರು ಚೆಲ್ಲದಂತೆ. ಎರಡೂ ಹಗ್ಗಗಳು ನೊಗಕ್ಕೆ ಸೇರಿವೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಬಾನಿಯೂ ಸೊಂಡಿಲೂ ಜೊತೆಯಾಗಿ ಮೇಲೇರುತ್ತವೆ. ಬಾನಿ ತೊಟ್ಟಿಯ ಮಟ್ಟವನ್ನು ಮೀರಿ ಗಾಲಿಯತ್ತ ಏರುವ ಹೊತ್ತಿಗೆ ತೆಳುಹಗ್ಗ ಸೊಂಡಿಲನ್ನು ಉರುಳೆಯ ಮೇಲೆ ಎಳೆದುಕೊಂಡು ತೊಟ್ಟಿಗೆ ಚಾಚುತ್ತದೆ. ಬಾನಿಯ ನೀರೆಲ್ಲ ಭೋರೆಂದು ತೊಟ್ಟಿಗೆ ಸುರಿಯುತ್ತದೆ. ಯಾರೂ ಕೈಹಾಕಿ ಬಗ್ಗಿಸಬೇಕಾಗಿಲ್ಲ.

ಇಲ್ಲಿಯ ಸೂಕ್ಷ್ಮವೆಲ್ಲ ಆ ಎರಡು ಹಗ್ಗಗಳ ಅಳತೆಯಲ್ಲಿದೆ. ತೆಳುಹಗ್ಗ ಒಂದು ಗೇಣು ಉದ್ದವಾದರೆ ಸೊಂಡಿಲು ಜೋತುಬಿದ್ದು ಅರ್ಧ ನೀರು ಬಾವಿಗೇ ಮರಳುತ್ತದೆ. ಮಿಣಿ ಉದ್ದವಾದರೆ ಸೊಂಡಿಲು ತೊಟ್ಟಿಗೆ ಬಂದಾಗಲೂ ಬಾನಿ ಇನ್ನೂ ಕೆಳಗೇ ಇರುತ್ತದೆ. ಎತ್ತು ಇಳಿದದ್ದೂ ವ್ಯರ್ಥ, ಏರಿದ್ದೂ ವ್ಯರ್ಥ. ಒಂದು ಭಾರ ಎತ್ತುವುದು, ಇನ್ನೊಂದು ಬಾಯಿ ತೆರೆಸುವುದು, ಎರಡಕ್ಕೂ ಗಳಿಗೆ ತಪ್ಪದ ಹೊಂದಾಣಿಕೆ. ಮೆಕ್ಯಾನಿಕ್ಕು ಕ್ರ್ಯಾಂಕು, ಕ್ಯಾಮುಗಳನ್ನು ಬೆರಳಿನಿಂದ ತೋರಿಸಿ ವಿವರಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಜ್ಜ ಹೊಸ ಹಗ್ಗಗಳನ್ನು ನೊಗಕ್ಕೆ ಕಟ್ಟುತ್ತಿದ್ದ ದೃಶ್ಯ.

ಅಜ್ಜ ಮಿಣಿಯನ್ನು ಆರಿಸುತ್ತಿದ್ದ ರೀತಿಯನ್ನು ಹೇಳಬೇಕು. ಬೆಳಗ್ಗೆ ಎತ್ತು ಹೂಡುವ ಮೊದಲು ಮಿಣಿಯನ್ನು ಅಂಗೈಯೊಳಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಸವರುತ್ತಿದ್ದರು. ಎಳೆ ಎದ್ದಿರುವ ಜಾಗ, ತೆಳುವಾದ ಜಾಗ, ಗಾಲಿಗೆ ಉಜ್ಜಿ ನುಣುಪಾದ ಜಾಗ ಕೈಗೆ ತಿಳಿಯುತ್ತಿತ್ತು. ಕಣ್ಣಿಗಿಂತ ಕೈಯನ್ನೇ ಅವರು ಹೆಚ್ಚು ನಂಬಿದವರು. ಕತ್ತಾಳೆಯ ನಾರು ಬಾವಿಯ ಹಗ್ಗಕ್ಕೆ ಆದೀತು, ಮಿಣಿಗೆ ಅದರ ಹದ ಸಾಲದು ಎಂಬಂಥ ತೀರ್ಮಾನಗಳು ಅವರಲ್ಲಿದ್ದುವು. ಹೊಸ ಮಿಣಿ ಭಾರ ಹೊತ್ತ ಮೊದಲ ದಿನಗಳಲ್ಲಿ ಜಗ್ಗಿ ಬೆಳೆಯುತ್ತಿತ್ತು. ಅದು ಬೆಳೆದು ನಿಲ್ಲುವವರೆಗೆ ದಿನವೂ ಗಂಟು ಬಿಚ್ಚಿ ಅಳತೆ ಸರಿಮಾಡುವರು. ಮಿಣಿ ಬದಲಿಸುವಾಗ ತೆಳುಹಗ್ಗವನ್ನೂ ಬದಲಿಸಿಬಿಡುವರು, ಅದು ಇನ್ನೂ ಗಟ್ಟಿಯಾಗಿದ್ದರೂ. 'ಹಳೇದರ ಜೊತೆ ಹೊಸದನ್ನ ಹೂಡಬಾರದು' ಎಂಬುದು ಅವರ ಲೆಕ್ಕ. ಅದನ್ನೂ ಬೇಸಗೆಯ ಬೆಳೆಗೆ ನೀರು ಕಟ್ಟುವ ಮುಂಚೆ ಮಾಡಬೇಕು; ಪೈರು ಬಾಯಿಬಿಟ್ಟಾಗ ಮಿಣಿ ಹರಿಯಬಾರದು. ಬಿಚ್ಚಿದ ಹಗ್ಗ ಕೊಟ್ಟಿಗೆಯಲ್ಲಿ ದನ ಕಟ್ಟಲು ಹೋಗುತ್ತಿತ್ತು.

ಬಾನಿಯ ಸೊಂಡಿಲನ್ನು ಹೊಲಿದು ಕೊಡುತ್ತಿದ್ದವರು ಊರಿನ ಚಕ್ಕಳದ ಕೆಲಸದವರು. ತಂಗಡಿ ತೊಗಟೆಯ ನೀರಿನಲ್ಲಿ ತೊಗಲನ್ನು ಹದಮಾಡಿ, ಹೊಲಿಗೆಯಲ್ಲಿ ಹನಿ ನೀರೂ ಸೋರದಂತೆ ಅವರು ಮಾಡುತ್ತಿದ್ದ ಕೆಲಸಕ್ಕೆ ಸುಗ್ಗಿಯಲ್ಲಿ ಕಣದಿಂದ ಆಯವೆಂದು ಕಾಳು ಅಳೆಯುತ್ತಿದ್ದರು. ನಮ್ಮ ತೋಟದ ನೀರೆಲ್ಲ ಅವರು ಹೊಲಿದ ಚಕ್ಕಳದ ಒಳಗಿಂದಲೇ ಹರಿದು ಬರುತ್ತಿತ್ತು. ಅದೇ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳಲು ಅವರಿಗೆ ಅನುಮತಿಯಿರಲಿಲ್ಲ. ಹಳೆಯ ಕಾಲದ ನಂಬಿಕೆ, ನೇರ ಸಂಬಂಧ ಎಂದೆಲ್ಲ ಹಾಡಿಹೊಗಳುವ ನನ್ನಂಥವರು ಈ ಮಾತನ್ನು ಬಿಟ್ಟು ಆ ಕಥೆ ಹೇಳಬಾರದು. ಅಜ್ಜ ಅವರ ಕೈಯ ಹೊಲಿಗೆಯನ್ನು ನಂಬಿದರು. ಅದೇ ಕೈ ಬಾವಿಯ ಹಗ್ಗವನ್ನು ಹಿಡಿಯಬಾರದೆಂಬ ಕಟ್ಟಳೆಯನ್ನೂ ಪಾಲಿಸಿದರು. ಎರಡರ ನಡುವಿನ ವಿರೋಧ ಅವರಿಗೆ ತೋರಲಿಲ್ಲ. ನನಗೂ ಆ ವಯಸ್ಸಿನಲ್ಲಿ ತೋರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಅನಂತರ ಆಯಿಲ್ ಎಂಜಿನ್ನು ಬಂತು, ಅದರ ಹಿಂದೆ ವಿದ್ಯುತ್ತಿನ ಪಂಪುಸೆಟ್ಟು ಬಂತು, ಕಪಿಲೆ ಮೂಲೆಗೆ ಸೇರಿತು. ಆಯಿಲ್ ಎಂಜಿನ್ನಿನ ಜೊತೆಯಲ್ಲೇ ನಮ್ಮ ಹಳ್ಳಿಗಳಿಗೆ ಬಂದದ್ದು ಬೆಲ್ಟು. ಹಿಟ್ಟಿನ ಗಿರಣಿಯಲ್ಲಿ, ಕಡಲೆಕಾಯಿ ಸುಲಿಯುವ ಯಂತ್ರದಲ್ಲಿ, ಅಂಗೈಯಗಲದ ಚಪ್ಪಟೆ ಬೆಲ್ಟು ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ ಪಟಪಟನೆ ಬಡಿಯುತ್ತ ಓಡುವುದನ್ನು ನಾವು ಹುಡುಗರು ಬಾಯಿತೆರೆದು ನೋಡುತ್ತಿದ್ದೆವು. ಅದನ್ನು ಆರಿಸುವುದು ಸುಲಭ. ಸುರುಳಿಯಿಂದ ಬೇಕಾದಷ್ಟು ಉದ್ದ ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿದರೆ ಆಯಿತು. ಜಗ್ಗಿದರೆ ಒಂದು ತುಂಡು ಕತ್ತರಿಸಿ ಮತ್ತೆ ಹೊಲಿಯುವುದು. ಜಾರಿದರೆ ಒಂದು ಚಿಟಿಕೆ ರಾಳದ ಪುಡಿ ಎರಚುವುದು. ಬೆಲ್ಟು ಜಾರುವುದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಗಿರಣಿಯ ಕಲ್ಲಿಗೆ ಏನಾದರೂ ಸಿಕ್ಕಿಕೊಂಡರೆ ಬೆಲ್ಟು ಜಾರಿ ಕಳಚಿ ಬೀಳುತ್ತಿತ್ತು, ಯಂತ್ರ ಉಳಿಯುತ್ತಿತ್ತು. ಅದರಲ್ಲಿ ಒಂದು ಬಗೆಯ ದಾಕ್ಷಿಣ್ಯವಿತ್ತು. 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ಎಂಬಾತ ರಬ್ಬರಿನ ವಿ ಆಕಾರದ ಬೆಲ್ಟನ್ನು ಮಾಡಿದ ಮೇಲೆ ಜಾರುವುದು ಕಡಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ.

ಜಾರದ ಬೆಲ್ಟಿನ ಅಗತ್ಯ ಮೊದಲು ಕಾಣಿಸಿದ್ದು ಮೋಟಾರಿನಲ್ಲಲ್ಲ, ಹೊಲಿಗೆ ಯಂತ್ರದಲ್ಲಿ. ಸೂಜಿ ಕೆಳಗಿಳಿದು ದಾರದ ಕುಣಿಕೆ ಬಿಡುವ ಗಳಿಗೆಗೇ ಕೆಳಗಿನ ಕೊಕ್ಕೆ ಬಂದು ಅದನ್ನು ಹಿಡಿಯಬೇಕು; ಹಿಂದೆ ಮುಂದೆ ಆದರೆ ಹೊಲಿಗೆ ತಪ್ಪುತ್ತದೆ. ಸಿಂಗರ್ ಕಂಪೆನಿಯ ಯಂತ್ರಗಳಿಗಾಗಿ 1940ರ ದಶಕದಲ್ಲಿ ರಿಚರ್ಡ್ ಕೇಸ್ ಎಂಬ ಎಂಜಿನಿಯರು ಒಳಮೈಗೆ ಹಲ್ಲುಗಳಿರುವ ರಬ್ಬರಿನ ಬೆಲ್ಟನ್ನು ರೂಪಿಸಿದ. ನಮ್ಮ ಮನೆಯಲ್ಲಿದ್ದ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಚಕ್ಕಳದ ಬಾರು ಹರಿದಾಗಲೆಲ್ಲ ನಮ್ಮ ತಾಯಿ ಅದಕ್ಕೆ ತಂತಿಯ ಕೊಂಡಿ ಹಾಕಿ ಮತ್ತೆ ಓಡಿಸುತ್ತಿದ್ದರು. ಅದು ತುಳಿತವನ್ನು ಮುಟ್ಟಿಸುವ ಬಾರಾದ್ದರಿಂದ ಸ್ವಲ್ಪ ಜಾರಿದರೂ ನಡೆಯುತ್ತಿತ್ತು. ಸೂಜಿ ಕೊಕ್ಕೆಗಳ ನಡುವಣ ಸಂಬಂಧಕ್ಕೆ ಆ ರಿಯಾಯಿತಿ ಇಲ್ಲ.

ಹೊಲಿಗೆ ಯಂತ್ರದಿಂದ ಕಾರಿಗೆ ಬೆಲ್ಟು ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಜರ್ಮನಿಯ ಬವೇರಿಯಾದಲ್ಲಿ ಡಿಂಗೊಲ್ಫಿಂಗ್ ಎಂಬ ಊರು. ಅಲ್ಲಿ ಹ್ಯಾನ್ಸ್ ಗ್ಲಾಸ್ ಎಂಬಾತನ ಕಾರ್ಖಾನೆ ಗೊಗ್ಗೊಮೊಬಿಲ್ ಎಂಬ ಪುಟ್ಟ ಕಾರುಗಳನ್ನು ಮಾಡಿ ಹೆಸರಾಗಿತ್ತು. ಸಾಲಾಗಿ ತಯಾರಾಗಿ ಮಾರಾಟವಾದ ಕಾರುಗಳಲ್ಲಿ ಹಲ್ಲಿನ ಬೆಲ್ಟು ಮೊದಲು ಬಂದದ್ದು ಆ ಕಾರ್ಖಾನೆಯ 1962ರ ಗ್ಲಾಸ್ 1004ರಲ್ಲಿ. ಚೈನಿಗಿಂತ ಅಗ್ಗ, ಸದ್ದಿಲ್ಲ, ಎಣ್ಣೆ ಬೇಕಿಲ್ಲ. 1966ರಲ್ಲಿ ಆ ಕಂಪೆನಿಯನ್ನು ಬಿ.ಎಂ.ಡಬ್ಲ್ಯು. ಕೊಂಡಿತು, ಗ್ಲಾಸ್ ಹೆಸರು ಮರೆತುಹೋಯಿತು, ಬೆಲ್ಟು ಉಳಿಯಿತು. ಅದೇ ವರ್ಷ ಇಟಲಿಯ ಫಿಯೆಟ್, ಅಮೆರಿಕದ ಪಾಂಟಿಯಾಕ್ ಎಂಜಿನ್ನುಗಳಲ್ಲಿಯೂ ಅದು ಕಾಣಿಸಿಕೊಂಡಿತು.

ನಮ್ಮ ರಸ್ತೆಗಳಲ್ಲಿ ಆಗ ಇದ್ದುದು ಅಂಬಾಸಿಡರು ಮತ್ತು ಪ್ರೀಮಿಯರ್ ಪದ್ಮಿನಿ. ಎರಡಕ್ಕೂ ಒಳಗೆ ಕಬ್ಬಿಣದ ಚೈನು. ಚೈನು ಸವೆದರೆ ಮುಂಭಾಗದಲ್ಲಿ ಕರಕರ ಸದ್ದು ಮಾಡುತ್ತದೆ. ಮದುವೆಯ ದಿಬ್ಬಣಕ್ಕೆ ಅಂಬಾಸಿಡರು ಬಾಡಿಗೆಗೆ ಕೊಡುತ್ತಿದ್ದ ನಮ್ಮೂರ ಚಾಲಕರು ಆ ಸದ್ದನ್ನು ವೈದ್ಯರು ಎದೆಯ ಬಡಿತ ಕೇಳುವಂತೆ ಕೇಳುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದಾಗ ಹಲ್ಲಿನ ಬೆಲ್ಟು ಸಾಮಾನ್ಯ ಜನರ ಕಾರಿನೊಳಕ್ಕೆ ಬಂತು. 1998ರಲ್ಲಿ ಬಂದ ಸ್ಯಾಂಟ್ರೊ, ಇಂಡಿಕಾಗಳಲ್ಲಿಯೂ ಬೆಲ್ಟೇ. ಸದ್ದಿಲ್ಲದ ಎಂಜಿನ್ನೆಂದು ಎಲ್ಲರೂ ಹಿಗ್ಗಿದರು. ಸದ್ದಿಲ್ಲವೆಂದರೆ ಎಚ್ಚರಿಕೆಯೂ ಇಲ್ಲವೆಂಬುದು ಆಮೇಲೆ ತಿಳಿಯಿತು.

ಕಷ್ಟವೆಲ್ಲ ಇರುವುದು ಇಲ್ಲಿಯೇ. ಅಜ್ಜ ಮಿಣಿಯನ್ನು ಕೈಯಿಂದ ಸವರಿ ಅದರ ಆಯುಷ್ಯ ಹೇಳಿದರು. ಗಿರಣಿಯವನು ಕಣ್ಣಿನಿಂದ ಕಂಡ, ಅಂಬಾಸಿಡರಿನ ಚಾಲಕ ಕಿವಿಯಿಂದ ಕೇಳಿದ. ಟೈಮಿಂಗ್ ಬೆಲ್ಟು ಮುಚ್ಚಳದ ಹಿಂದೆ ಕುಳಿತಿದೆ. ಮುಚ್ಚಳ ತೆಗೆದು ನೋಡಿದರೂ ಹೊರಮೈ ನುಣುಪಾಗಿಯೇ ಕಾಣಬಹುದು. ಅದರ ಬಲವಿರುವುದು ರಬ್ಬರಿನೊಳಗೆ ಹುದುಗಿರುವ ಗಾಜಿನ ನೂಲುಗಳಲ್ಲಿ, ಅವು ಒಳಗೇ ತುಂಡಾಗುತ್ತಾ ಬಂದಿರಬಹುದು. ಹೀಗಾಗಿ ಕೈ, ಕಣ್ಣು, ಕಿವಿ ಮೂರೂ ಸೋತು, ಕಾರು ತಯಾರಿಸಿದವರು ಪುಸ್ತಕದಲ್ಲಿ ಅಚ್ಚು ಹಾಕಿರುವ ಎರಡು ಅಂಕಿಗಳನ್ನು ನಂಬಬೇಕಾಗುತ್ತದೆ: ಇಷ್ಟು ಕಿಲೋಮೀಟರು, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಕಾರಿನಿಂದ ಕಾರಿಗೆ ಅಂಕಿ ಬೇರೆ. 60,000ದಿಂದ 1,00,000 ಕಿಲೋಮೀಟರಿನವರೆಗೆ ಹೇಳುವ ಪುಸ್ತಕಗಳು ಬಹಳ. ನನ್ನಂತೆ ತಿಂಗಳಿಗೆ ನಾಲ್ಕು ಸಲ ಕಾರು ತೆಗೆಯುವವರು ಕಿಲೋಮೀಟರು ನೋಡಿ ನಿಶ್ಚಿಂತರಾಗುತ್ತಾರೆ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ, ಪಾವಗಡದ ಬಿಸಿಲಿನಲ್ಲಿ ಇನ್ನೂ ಬೇಗ, ಎಂಬುದನ್ನು ಮರೆಯುತ್ತಾರೆ.

ಇನ್ನು ಬದಲಿ ಬೆಲ್ಟಿನ ವಿಚಾರ. ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಶಿರಾದಲ್ಲಿ ಲಾರಿಗಳ ಓಡಾಟ ಹೆಚ್ಚಾದ್ದರಿಂದ ಬಿಡಿಭಾಗಗಳ ಅಂಗಡಿಗಳೂ ಹೆಚ್ಚು. 1687ರಲ್ಲಿ ಮೊಗಲರು ತಮ್ಮ ಸುಬಾದ ರಾಜಧಾನಿಯನ್ನಾಗಿ ಆರಿಸಿಕೊಂಡ ಊರು ಈಗಲೂ ದಾರಿಹೋಕರ ಅಗತ್ಯಗಳನ್ನು ಪೂರೈಸುತ್ತಲೇ ಇದೆ. ಅಲ್ಲಿಂದ ಒಂದು ಬೆಲ್ಟು ಬಂತು, ತುಮಕೂರಿನಿಂದ ಎರಡು. ಮೂರನ್ನೂ ಮೇಜಿನ ಮೇಲೆ ಇಟ್ಟು ಮೆಕ್ಯಾನಿಕ್ಕು, "ನೀವೇ ಆರಿಸಿ ಮೇಷ್ಟ್ರೇ, ನೋಡಾಣ" ಎಂದ. ಮೂರೂ ಕಪ್ಪು, ಮೂರೂ ಒಂದೇ ಉದ್ದ. ಒಂದೇ ಪದ್ಯದ ಮೂರು ಪಾಠಗಳನ್ನು ಎದುರಿಗಿಟ್ಟುಕೊಂಡ ಗ್ರಂಥಸಂಪಾದಕನ ಹಾಗೆ ನಾನು ಹಲ್ಲುಗಳನ್ನು ಎಣಿಸಿದೆ. ಸಂಖ್ಯೆಯೂ ಒಂದೇ! ಅಗಲವೂ ಒಂದೇ. ಬೆಲೆ ಮಾತ್ರ ಬೇರೆ. ಹಾಗಾದರೆ ಅಗ್ಗದ್ದೇ ಆಗಬಹುದಲ್ಲ ಎಂದೆ.

"ಹಲ್ಲು ಎಣಿಸಿದ್ರೆ ಸಾಲ್ದು ಸಾರ್, ಹಲ್ಲಿನ ಆಕಾರ ನೋಡಿ" ಎಂದು ಅವನು ಎರಡು ಬೆಲ್ಟುಗಳನ್ನು ಅಕ್ಕಪಕ್ಕ ಹಿಡಿದ. ಒಂದರ ಹಲ್ಲು ಮೂಲೆಗಳಿರುವ ಚಪ್ಪಟೆ ದಿಬ್ಬದಂತೆ, ಇನ್ನೊಂದರದು ದುಂಡಗೆ. ಮೊದಲು ಬಂದ ಬೆಲ್ಟುಗಳೆಲ್ಲ ಮೂಲೆ ಹಲ್ಲಿನವೇ. ದುಂಡು ಹಲ್ಲು ಬಂದದ್ದು 1970ರ ದಶಕದಲ್ಲಿ, ಹಲ್ಲಿನ ಬುಡಕ್ಕೆ ಬೀಳುವ ಒತ್ತಡ ಸಮವಾಗಿ ಹಂಚಿಹೋಗಲೆಂದು. ನನ್ನ ಕಾರಿನ ಚಕ್ರದ ತೋಡು ದುಂಡಗಿನದು. ಅದರಲ್ಲಿ ಮೂಲೆ ಹಲ್ಲಿನ ಬೆಲ್ಟು ಕೂರುವಂತೆ ತೋರಿದರೂ ಕೆಲವು ಸಾವಿರ ಕಿಲೋಮೀಟರಿನೊಳಗೆ ಹಲ್ಲು ಕಿತ್ತುಬರುತ್ತದೆ. ಶಿರಾದಿಂದ ಬಂದ ಬೆಲ್ಟು ಹೀಗೆ ಸ್ಪರ್ಧೆಯಿಂದ ಹೊರಬಿತ್ತು. ಅಂಗಡಿಯವರ ತಪ್ಪೇನಲ್ಲ, ಕಾರಿನ ಹೆಸರು ಹೇಳಿ ಕೇಳಿದ್ದೆವು, ತಯಾರಾದ ವರ್ಷವನ್ನೂ ಎಂಜಿನ್ನಿನ ನಮೂನೆಯನ್ನೂ ಹೇಳಿರಲಿಲ್ಲ. ಒಂದೇ ಹೆಸರಿನ ಕಾರಿಗೆ ಎರಡು ಕಾಲದಲ್ಲಿ ಎರಡು ಎಂಜಿನ್ನು ಇರಬಹುದು. ಪುಸ್ತಕದಲ್ಲಿರುವ ಬಿಡಿಭಾಗದ ಸಂಖ್ಯೆಯನ್ನೇ ಬರೆದುಕೊಂಡು ಹೋಗುವುದು ವಾಸಿ.

ಉಳಿದ ಎರಡರಲ್ಲಿ ಒಂದು ಸಾದಾ ಪ್ಲಾಸ್ಟಿಕ್ ಹೊದಿಕೆಯಲ್ಲಿತ್ತು. ಬೆನ್ನಿನ ಮೇಲೆ ಸಂಖ್ಯೆಯಿಲ್ಲ, ತಯಾರಾದ ಕಾಲವಿಲ್ಲ, ಮಾಡಿದವರ ಹೆಸರಿಲ್ಲ. ಮಡಿಸಿ ಸಣ್ಣ ಡಬ್ಬಿಗೆ ತುರುಕಿದ್ದರಿಂದ ಮಡಿಕೆಯ ಗುರುತು ಬಿದ್ದಿತ್ತು. ಒಳಗಿನ ಗಾಜಿನ ನೂಲು ಎಳೆತಕ್ಕೆ ಬಲಶಾಲಿ, ಮಡಿಕೆಗೆ ದುರ್ಬಲ. ಒಮ್ಮೆ ಮಡಿಸಿದ ಬೆಲ್ಟು ಹೊಸದಾದರೂ ಹಳೆಯದೇ. ಹಸ್ತಪ್ರತಿಗಳಲ್ಲಿ ಕರ್ತೃವಿನ ಹೆಸರಿಲ್ಲದ ಕೃತಿಯನ್ನು ನಾವು ಪ್ರೀತಿಯಿಂದ ಓದುತ್ತೇವೆ. ಎಂಜಿನ್ನಿನಲ್ಲಿ ಅನಾಮಧೇಯನಿಗೆ ಜಾಗವಿಲ್ಲ.

ಮೂರನೆಯದರ ಬೆನ್ನಿನ ಮೇಲೆ ಸಂಖ್ಯೆ, ತಯಾರಾದ ಕಾಲ, ತಿರುಗುವ ದಿಕ್ಕಿನ ಬಾಣ ಎಲ್ಲವೂ ಇದ್ದುವು. ರಬ್ಬರಿನ ಜಾತಿಯೂ ಉತ್ತಮ: ಮೊದಲಿನ ಬೆಲ್ಟುಗಳಲ್ಲಿ ಬಳಸುತ್ತಿದ್ದ ನಿಯೊಪ್ರೀನ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತಿದ್ದುದರಿಂದ, 1980ರ ದಶಕದಿಂದೀಚೆಗೆ ಹೈಡ್ರೋಜನ್ ಸೇರಿಸಿದ ನೈಟ್ರೈಲ್ ರಬ್ಬರು ಬಳಕೆಗೆ ಬಂದಿದೆ. ಬೆಲೆ ಹೆಚ್ಚಾದರೂ ಅದೇ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಉರುಳೆಯನ್ನು ಮೆಕ್ಯಾನಿಕ್ಕು ನನ್ನ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ. ಒಳಗೆ ಮರಳು ಅರೆದಂಥ ಸದ್ದು. ಇದೊಂದನ್ನಾದರೂ ಕಿವಿಯಿಂದ ತಿಳಿಯಬಹುದಲ್ಲ ಎಂದು ನನಗೆ ಸಂತೋಷವಾಯಿತು. ಅದನ್ನೂ ಬದಲಿಸಬೇಕೆಂದ. ಅದೇ ಬೆಲ್ಟಿನಿಂದ ತಿರುಗುವ ನೀರಿನ ಪಂಪನ್ನೂ, ಮುಂಭಾಗದ ಎಣ್ಣೆ ಸೀಲುಗಳನ್ನೂ ಬದಲಿಸಬೇಕೆಂದ. ಎಣ್ಣೆಯ ಹನಿ ಬಿದ್ದರೂ ಹೊಸ ಬೆಲ್ಟು ಊದಿಕೊಂಡು ಹಾಳು. "ಹಳೇ ಬೇರಿಂಗಿಗೆ ಹೊಸ ಬೆಲ್ಟು ಹಾಕಿದ್ರೆ ಆರು ತಿಂಗ್ಳಿಗೆ ಮತ್ತೆ ಇಲ್ಲೇ ಕೂತಿರ್ತೀರಿ." ಅಜ್ಜ ತೆಳುಹಗ್ಗವನ್ನೂ ಬದಲಿಸುತ್ತಿದ್ದುದರ ಲೆಕ್ಕ ಇದೇ. ನಾನು ಮರುಮಾತಾಡದೆ ಒಪ್ಪಿದೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಹಿಂದೆ ಗಿರಣಿ ನಡೆಸಿದವರಂತೆ, ಜಾರದ ಹಾಗೆ ಸ್ವಲ್ಪ ರಾಳ ಹಾಕಪ್ಪ ಎಂದು ಸಲಹೆ ಕೊಟ್ಟರು. ಮೆಕ್ಯಾನಿಕ್ಕು ಗಾಬರಿಯಿಂದ ಅವರ ಕೈಗೆಟುಕದಂತೆ ಬೆಲ್ಟನ್ನು ಎತ್ತಿಟ್ಟ. ಒಂದು ಯುಗದ ಜ್ಞಾನ ಮುಂದಿನ ಯುಗದಲ್ಲಿ ಅಪಾಯವಾಗುವುದನ್ನು ಹೀಗೆ ಕಣ್ಣಾರೆ ಕಂಡೆ. ಅವರ ಸಲಹೆಯಲ್ಲಿ ತಪ್ಪಿರಲಿಲ್ಲ, ಬೆಲ್ಟು ಬೇರೆಯಾಗಿತ್ತು.

ಈ ಬೆಲ್ಟಿನ ಯುಗವೂ ಬಹಳ ಉದ್ದವಾಗಲಾರದೆಂದು ತೋರುತ್ತದೆ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದಕ್ಕೂ ಮೊದಲೇ ಅದೇ ಕಂಪೆನಿಯ ಕೆ ಸರಣಿಯ ಎಂಜಿನ್ನುಗಳು ಚೈನಿಗೆ ಹಿಂದಿರುಗಿದ್ದುವು. ವಿದ್ಯುತ್ತಿನ ಕಾರಿನಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಆದ್ದರಿಂದ ಈ ಬೆಲ್ಟೂ ಇಲ್ಲ. ನನ್ನ ಕಾರು ನಿಂತ ರಸ್ತೆಯಲ್ಲೇ ಮುಂದೆ ಸಾಗಿ ಪಾವಗಡವನ್ನು ದಾಟಿದರೆ ತಿರುಮಣಿಯ ಸುತ್ತ 13,000 ಎಕರೆಯಷ್ಟು ನೆಲದಲ್ಲಿ ಬಿಸಿಲಿಗೆ ಮುಖವೊಡ್ಡಿ ಮಲಗಿರುವ ಫಲಕಗಳ ಸಾಲು ಸಿಗುತ್ತದೆ. 2018ರಲ್ಲಿ ಆರಂಭವಾದ ಆ ಸೌರ ವಿದ್ಯುತ್ ಕೇಂದ್ರದ ಸಾಮರ್ಥ್ಯ 2,050 ಮೆಗಾವಾಟು. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಿಣಿ ಹರಿದರೆ ಬೆಳೆ ಒಣಗುತ್ತಿದ್ದ ನೆಲದಲ್ಲಿ ಈಗ ಬಿಸಿಲೇ ಬೆಳೆ. ಅಲ್ಲಿ ಸವೆದದ್ದನ್ನು ಬದಲಿಸುವಾಗ ಯಾರು ಏನನ್ನು ನೋಡಿ ಆರಿಸುತ್ತಾರೋ, ಅದನ್ನು ಮುಂದಿನವರು ಬರೆಯಬೇಕು.

ಕಾರು ಸಿದ್ಧವಾದ ದಿನ ಮೆಕ್ಯಾನಿಕ್ಕು ಎರಡು ಚಕ್ರಗಳ ಗುರುತುಗಳನ್ನು ಹೊಂದಿಸಿದ್ದನ್ನು ನನಗೆ ತೋರಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಿಗೇ ಬಂದುದನ್ನು ನೋಡಿ ಮುಚ್ಚಳ ಹಾಕಿದ. ಒಂದು ಚೀಟಿಯನ್ನು ಮುಂದಿಟ್ಟು, ಇವತ್ತಿನ ತಾರೀಖು, ಕಿಲೋಮೀಟರು ಬರೀರಿ ಸಾರ್ ಎಂದ. ನಾನು ಅಭ್ಯಾಸಬಲದಿಂದ ಕನ್ನಡ ಅಂಕಿಗಳಲ್ಲಿ ಬರೆದೆ. ಅವನು ತಲೆ ಕೆರೆದುಕೊಂಡು, "ಮುಂದಿನ ಸಲ ಬಿಚ್ಚೋನು ಯಾರೋ ಏನೋ ಮೇಷ್ಟ್ರೇ, ಇಂಗ್ಲಿಷಲ್ಲೂ ಹಾಕ್ಬಿಡಿ" ಎಂದ. ಕೆಳಗೆ ಆ ಅಂಕಿಗಳನ್ನೂ ಬರೆದೆ. ರಸೀದಿಯನ್ನು ಕೇಳಿ ಪಡೆದು, ಚೀಟಿಯನ್ನು ಬಾನೆಟ್ಟಿನ ಒಳಮೈಗೆ ಅಂಟಿಸಿ, ಹರಿದ ಬೆಲ್ಟನ್ನು ಕೊಡೆಂದು ಕೇಳಿದೆ. ಅದರಲ್ಲಿ ಆಗಲೇ ಅಂಗಡಿಯ ಹುಡುಗ ಹೊರಗಿನ ಹಳೆಯ ಸೈಕಲ್ಲನ್ನು ಕಂಬಕ್ಕೆ ಕಟ್ಟಿದ್ದ.